ಮನೆ–ಮರಾಮತ್ತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ತಾರಸಿಯ ಟ್ಯಾಂಕ್ ತೊಳೆಸಿದ ಮೇಲೆ ನಮ್ಮ ಮೊದಲ ಮಹಡಿಯ ನಲ್ಲಿಗಳಲ್ಲಿ ನೀರು ಸಣ್ಣಗೆ ಬರುತ್ತಿದೆ. ಕೆಳಗಿನ ಮನೆಗೆ ಬೇರೆ ಪೈಪ್ ಇದ್ದು, ಅಲ್ಲಿ ಚೆನ್ನಾಗಿಯೇ ಬರುತ್ತದೆ. ನಮ್ಮದು ಕೊಳವೆಬಾವಿ ನೀರು. ಪ್ರೆಶರ್ ಪಂಪ್ ಹಾಕಿಸಿ ಎನ್ನುತ್ತಾರೆ. ಬೇಕೇ?
– ಓದುಗರೊಬ್ಬರು, ತುಮಕೂರು

ಉತ್ತರ: ಸದ್ಯಕ್ಕೆ ಬೇಡ. ಟ್ಯಾಂಕಿನ ಎತ್ತರ, ಪೈಪಿನ ಅಳತೆ ಎರಡೂ ಮೊದಲಿನಂತೆಯೇ ಇವೆ. ಹಿಂದೆ ಸಾಕಾಗುತ್ತಿದ್ದ ನೀರು ಈಗ ಕಡಿಮೆಯಾಗಿದೆ ಎಂದರೆ ದಾರಿಯಲ್ಲಿ ಏನೋ ಅಡ್ಡ ಬಂದಿದೆ. ಪಂಪ್ ಅದನ್ನು ತೆಗೆಯುವುದಿಲ್ಲ.

ಟ್ಯಾಂಕ್ ಉಜ್ಜಿದಾಗ ಎದ್ದ ಸುಣ್ಣದ ಚಕ್ಕೆಗಳು ಪೈಪಿಗೆ ಇಳಿದು ಕಿರಿದಾದ ಜಾಗದಲ್ಲಿ ಕೂರುತ್ತವೆ. ಆದ್ದರಿಂದ ವಾಷ್ ಬೇಸಿನ್ ನಲ್ಲಿಯ ತುದಿಯ ಜಾಲರಿಯನ್ನು ಬಟ್ಟೆ ಸುತ್ತಿ ಇಕ್ಕಳದಿಂದ ತಿರುಗಿಸಿ ಬಿಚ್ಚಿ. ಜಾಲರಿಯಿಲ್ಲದೆ ನೀರು ಧಾರಾಳವಾಗಿ ಬಂದರೆ ಕಾರಣ ಸಿಕ್ಕಿತು. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒಂದು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಶವರ್‌ಗೂ ಇದೇ ಉಪಚಾರ. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಮುಟ್ಟಿಸಬೇಡಿ, ಹೊಳಪಿನ ಲೇಪ ಎದ್ದುಹೋಗುತ್ತದೆ.

ಜಾಲರಿ ತೆಗೆದರೂ ಮಹಡಿಯ ಎಲ್ಲ ನಲ್ಲಿಗಳೂ ನಿಧಾನವಾಗಿದ್ದರೆ ತಾರಸಿಗೆ ಹೋಗಿ. ಟ್ಯಾಂಕಿನಿಂದ ಮಹಡಿಗೆ ಇಳಿಯುವ ಪೈಪಿನ ಗೇಟ್ ವಾಲ್ವನ್ನು (ಹಿಡಿ ತಿರುಗಿಸಿದಾಗ ಒಳಗಿನ ತಟ್ಟೆ ಇಳಿದು ನೀರು ತಡೆಯುವ ವಾಲ್ವ್) ಟ್ಯಾಂಕ್ ತೊಳೆಯುವಾಗ ಮುಚ್ಚಿರುತ್ತಾರೆ. ವರ್ಷಗಟ್ಟಲೆ ಅಲುಗದ ವಾಲ್ವ್ ತಿರುಗಿಸಿದಾಗ ಒಳಗಿನ ತಟ್ಟೆ ಕಡ್ಡಿಯಿಂದ ಕಳಚಿ ಅರ್ಧದಲ್ಲೇ ನಿಲ್ಲುವುದುಂಟು. ಹಿಡಿ ಪೂರ್ತಿ ತಿರುಗುತ್ತದೆ, ನೀರು ಮಾತ್ರ ಹೆಚ್ಚುವುದಿಲ್ಲ. ಇದನ್ನು ರಿಪೇರಿ ಮಾಡಿಸುವುದಕ್ಕಿಂತ ಪೈಪಿನಷ್ಟೇ ಒಳಅಗಲವಿರುವ ಬಾಲ್ ವಾಲ್ವ್ (ಒಳಗೆ ತೂತಿರುವ ಗುಂಡು ತಿರುಗುವ ವಾಲ್ವ್) ಹಾಕಿಸುವುದು ಮೇಲು.

ವಾಲ್ವ್ ಸರಿಯಿದ್ದು, ನಲ್ಲಿ ಬಿಟ್ಟಾಗ ಬುಸ್ ಎಂದು ಬಿಟ್ಟುಬಿಟ್ಟು ಬಂದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಪೈಪ್ ಎಲ್ಲಾದರೂ ಮೇಲೆದ್ದು ಮತ್ತೆ ಇಳಿದಿದ್ದರೆ, ಆ ಏರಿನಲ್ಲೇ ಗಾಳಿ ನಿಲ್ಲುವುದು. ಟ್ಯಾಂಕ್ ಪೂರ್ತಿ ತುಂಬಿಸಿ, ಮಹಡಿಯ ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ಬಿಡಿ; ಧಾರೆ ಒಂದೇ ಸಮ ಆಗುವವರೆಗೆ ಮುಚ್ಚಬೇಡಿ. ಪದೇಪದೇ ಹೀಗಾದರೆ ವಾಲ್ವಿನ ಪಕ್ಕದಲ್ಲೇ ಗಾಳಿ ಪೈಪ್ ಬೇಕು. ಅದರ ಬಾಯಿ ಟ್ಯಾಂಕಿನ ತಲೆಗಿಂತ ಒಂದಡಿಯಾದರೂ ಮೇಲಿದ್ದು, ಕೆಳಮುಖವಾಗಿ ಬಾಗಿರಲಿ.

ಇದಿಷ್ಟೂ ಆದಮೇಲೆ 15 ಲೀಟರ್ ಬಕೆಟ್ ಇಟ್ಟು ನೋಡಿ. ಎರಡು ನಿಮಿಷದೊಳಗೆ ತುಂಬಿದರೆ ಮಹಡಿಯ ಮನೆಗೆ ಅದು ಸಾಕು. ನೀರಿನ ಮಟ್ಟ 33 ಅಡಿ ಮೇಲಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡ. ನಿಮ್ಮ ಶವರ್‌ನಿಂದ ಟ್ಯಾಂಕಿನ ನೀರಿಗೆ ಆರೇಳು ಅಡಿಯಷ್ಟೇ ಇದ್ದರೆ 200 ಗ್ರಾಂ ಸಿಗುತ್ತದೆ. ಇನ್ನೂ ಜೋರು ಧಾರೆಯೇ ಬೇಕೆಂದರೆ ಆಗ ಪಂಪ್ ಯೋಚಿಸಿ. ಅದನ್ನು ಟ್ಯಾಂಕಿನಿಂದ ಹೊರಬರುವ ಪೈಪಿಗೇ ಜೋಡಿಸಬೇಕು.

ಪ್ರಶ್ನೆ: ತಣ್ಣೀರು ಸರಿಯಾಗಿದೆ. ಗೀಸರ್‌ನ ಬಿಸಿನೀರು ಮಾತ್ರ ಸಣ್ಣಗೆ ಬರುತ್ತದೆ, ಏಕೆ?
– ಓದುಗರೊಬ್ಬರು, ಗದಗ

ಉತ್ತರ: ಮೊದಲು ಗೀಸರ್ ಸ್ವಿಚ್ ಆರಿಸಿ, ನೀರು ತಣ್ಣಗಾಗಲು ಬಿಡಿ. ಗೀಸರ್‌ಗೆ ನೀರು ಹೋಗುವ ಆ್ಯಂಗಲ್ ಕಾಕ್ (ಗೋಡೆಯಲ್ಲಿರುವ ಸಣ್ಣ ವಾಲ್ವ್) ಮುಚ್ಚಿ, ಬಾಗುವ ಪೈಪನ್ನು ಗೀಸರ್ ಕಡೆಯಿಂದ ಬಿಚ್ಚಿ, ತುದಿಯನ್ನು ಬಕೆಟ್‌ಗೆ ಹಿಡಿದು ಕಾಕ್ ತೆರೆಯಿರಿ. ಅಲ್ಲೇ ಸಣ್ಣಗಿದ್ದರೆ ಕಾಕ್ ಅಥವಾ ಆ ಪೈಪ್ ಕಟ್ಟಿದೆ. ಉಬ್ಬಿದ ರಬ್ಬರ್ ವಾಷರ್ ಕೂಡ ದಾರಿ ಮುಚ್ಚಬಲ್ಲದು. ಅಲ್ಲಿ ಜೋರಾಗಿದ್ದರೆ ಗೀಸರ್ ಒಳಗೆ ಅಥವಾ ಹೊರಹೋಗುವ ಪೈಪಿನಲ್ಲಿ ಸುಣ್ಣ ಕಟ್ಟಿರಬಹುದು. ಅದನ್ನು ಮೆಕ್ಯಾನಿಕ್ ಬಿಚ್ಚಿ ತೆಗೆಯಲಿ.