ಮೋಟಾರ್ ಹಾಕುವ ಕೆಲಸ ಮಗನಿಗೆ ಕೊಡಿ

ಪತ್ರ: 9ನೇ ತರಗತಿಯ ಮಗ ನಲ್ಲಿ ಬಿಟ್ಟುಕೊಂಡೇ ಹಲ್ಲುಜ್ಜುತ್ತಾನೆ. ಶವರ್ ಕೆಳಗೆ ನಿಂತರೆ ಹೊರಗೆ ಬರುವುದೇ ಇಲ್ಲ. ಬೈದರೆ, ‘ದುಡ್ಡು ಕೊಟ್ರೆ ಟ್ಯಾಂಕರ್ ಬರುತ್ತಲ್ಲಮ್ಮ’ ಎನ್ನುತ್ತಾನೆ. ಇವನಿಗೆ ಹೇಗೆ ತಿಳಿಸಿ ಹೇಳಲಿ? – ಓದುಗರು, ಬೆಂಗಳೂರು

ಸಂಪಾದಕರ ಉತ್ತರ: ಮೇಡಂ, ನಿಮ್ಮ ಸಂಕಟ ಅರ್ಥವಾಯಿತು. ಆದರೆ ತಪ್ಪು ಮಗನೊಬ್ಬನದೇ ಎಂದು ನನಗೆ ಅನ್ನಿಸುವುದಿಲ್ಲ. ಸಂಪು ತುಂಬಿತಾ, ಮೋಟಾರ್ ಹಾಕಿದ್ರಾ, ಬಿಲ್ ಎಷ್ಟು ಬಂತು – ಇದೆಲ್ಲ ನಮ್ಮ ಮನೆಗಳಲ್ಲಿ ದೊಡ್ಡವರ ತಲೆನೋವು. ಅವನಿಗೆ ಗೊತ್ತಿರುವುದು ನಲ್ಲಿ ಮಾತ್ರ. ಸಂಪನ್ನೇ ನೋಡದವನಿಗೆ ‘ನೀರು ಉಳಿಸು’ ಎಂದರೆ ಅದು ಬರೀ ಮಾತು, ಅಲ್ವಾ? ಶಾಲೆಯ ಗೋಡೆ ಮೇಲಿನ ಘೋಷಣೆಗಳ ಗತಿಯೂ ಇದೇ.

ಒಂದು ತಿಂಗಳು ಮನೆಯ ನೀರಿನ ಉಸ್ತುವಾರಿ ಅವನಿಗೇ ಬಿಡಿ. ಸಂಪಿನ ಮಟ್ಟ ನೋಡಲಿ (ಮುಚ್ಚಳ ತೆಗೆಯುವಾಗ ನೀವು ಜೊತೆಗೇ ಇರಿ). ಮೋಟಾರ್ ಹಾಕಿ, ಟ್ಯಾಂಕ್ ತುಂಬಿ ಹರಿಯುವ ಮೊದಲೇ ಆರಿಸಲಿ. ಮೀಟರ್ ಓದಿ ಬರೆದಿಡಲಿ. ಹಲ್ಲುಜ್ಜುವಾಗ ನಲ್ಲಿ ಕೆಳಗೆ ಬಕೆಟ್ ಇಟ್ಟು, ಎಷ್ಟು ನೀರು ಬಿತ್ತು ಎಂದು ಅವನೇ ಅಳೆಯಲಿ. ನೀವು ಹೇಳಲು ಹೋಗಬೇಡಿ. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಸುಮ್ನೆ ಬಿಡಲಿ. ಫ್ಲಶ್ ಮಾಡದೆಯೂ ಕಮೋಡಿನಲ್ಲಿ ಬಣ್ಣ ಕಂಡರೆ ಟ್ಯಾಂಕ್ ಸೋರುತ್ತಿದೆ. ಇಂಥ ಪತ್ತೇದಾರಿ ಈ ವಯಸ್ಸಿನವರಿಗೆ ಇಷ್ಟವಾಗುತ್ತದೆ.

ಇನ್ನು ಅವನ ಟ್ಯಾಂಕರ್ ಮಾತು. ಟ್ಯಾಂಕರಿನ ನೀರು ಹೆಚ್ಚಾಗಿ ಬರುವುದು ಯಾವುದೋ ಬೋರ್‌ವೆಲ್‌ನಿಂದ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ದುಡ್ಡು ಕೊಡುತ್ತೇವೆಂದರೂ ಎಷ್ಟೋ ಮನೆಗಳಿಗೆ ಟ್ಯಾಂಕರ್ ಬರಲಿಲ್ಲ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿದ್ದು ಆಗಲೇ. ಕಾವೇರಿ ನೀರಾದರೂ ಸುಲಭವಾಗಿ ಬರುತ್ತದೆಯೇ? ಮಳವಳ್ಳಿ ಕಡೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ. ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪ್ ಮಾಡಿ ಸುಮಾರು 500 ಮೀಟರ್ ಮೇಲಕ್ಕೆ ಎತ್ತಬೇಕು. ಅದಕ್ಕೆ ಸುರಿಯುವ ಕರೆಂಟಿನ ಖರ್ಚು ಬಹಳ ದೊಡ್ಡದು. ಒಂದು ಭಾನುವಾರ ಅಪ್ಪ, ಮಗ ಕೂತು ಈ ದಾರಿಯನ್ನು ಮ್ಯಾಪಿನಲ್ಲಿ ಹುಡುಕಲಿ.

ಮಳೆ ಬಂದ ದಿನ ಇನ್ನೊಂದು ಲೆಕ್ಕ ಕೊಡಿ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ನಿಮ್ಮ ತಾರಸಿ 100 ಚದರ ಮೀಟರ್ ಇದ್ದು, 10 ಮಿಲಿಮೀಟರ್ ಮಳೆಯಾದರೆ? ಸಾವಿರ ಲೀಟರ್ ಮೋರಿಗೆ ಹೋಯಿತು ಎಂದು ಅವನೇ ಹೇಳುತ್ತಾನೆ.

ನಿಮಗೂ ಒಂದು ಮಾತು. ಮನೆಯಲ್ಲಿ ಆರ್‌ಓ ವಾಟರ್ ಫಿಲ್ಟರ್ ಇದ್ದರೆ, ಕುಡಿಯಲು ಸಿಗುವುದಕ್ಕಿಂತ ಸಾಮಾನ್ಯವಾಗಿ ಅದು ಹೊರಗೆ ಬಿಡುವ ನೀರೇ ಜಾಸ್ತಿ. ಲೆಕ್ಕ ಬರೆಯುವ ಹುಡುಗ ಇದನ್ನು ಕೇಳಿಯೇ ಕೇಳುತ್ತಾನೆ. ಆಗ ಅವನ ಬಾಯಿ ಮುಚ್ಚಿಸಬೇಡಿ. ಆ ಪೈಪನ್ನು ಬಕೆಟಿಗೆ ಬಿಡಿ, ನೆಲ ಒರೆಸಲು ಆಗುತ್ತದೆ.