‘ಯೂಸ್ಡ್ ಟು’ ಎಲ್ಲೆಲ್ಲಿ, ಹೇಗೆ ಬಳಸಬೇಕು?

ಹಿಂದೆ ರೂಢಿಯಲ್ಲಿದ್ದು ಈಗ ನಿಂತುಹೋದದ್ದಕ್ಕೆ ‘ಯೂಸ್ಡ್ ಟು’ ಬರುತ್ತದೆ. ‘ಐ ಯೂಸ್ಡ್ ಟು ಸ್ವಿಮ್’ ಅಂದರೆ ಮೊದಲು ಈಜುತ್ತಿದ್ದೆ, ಈಗಿಲ್ಲ. ‘ದಿನಾ ಈಜುತ್ತೇನೆ’ ಅನ್ನಲು ‘ಐ ಯೂಸ್ ಟು ಸ್ವಿಮ್’ ಅನ್ನುವವರಿದ್ದಾರೆ. ಅದು ತಪ್ಪು, ಸುಮ್ನೆ ‘ಐ ಸ್ವಿಮ್’ ಸಾಕು.

‘ಆಮ್’ ಸೇರಿದರೆ ಅರ್ಥವೇ ಬೇರೆ. ‘ಐ ಆಮ್ ಯೂಸ್ಡ್ ಟು ಸ್ವಿಮ್ಮಿಂಗ್’ ಅಂದರೆ ಈಜು ನನಗೆ ರೂಢಿಯಾಗಿದೆ. ಇಲ್ಲಿ ‘ಟು’ ಆದಮೇಲೆ ಕ್ರಿಯಾಪದಕ್ಕೆ ‘ಇಂಗ್’ ಬೇಕೇ ಬೇಕು. ಇನ್ನೂ ರೂಢಿಯಾಗುತ್ತಿದ್ದರೆ ‘ಗೆಟಿಂಗ್ ಯೂಸ್ಡ್ ಟು’.

‘ನೀವು ಫೋನ್ ಮಾಡಿದಾಗ ಓದುತ್ತಿದ್ದೆ’ ಅನ್ನಲು ‘ಯೂಸ್ಡ್ ಟು’ ಹೊಂದಲ್ಲ. ಕನ್ನಡದಲ್ಲಿ ‘ಈಜುತ್ತಿದ್ದೆ’, ‘ಓದುತ್ತಿದ್ದೆ’ ಎರಡೂ ಒಂದೇ ರೂಪ, ಅಲ್ವಾ? ಗೊಂದಲ ಆಗೋದು ಅದಕ್ಕೇ. ಅಲ್ಲಿ ‘ಐ ವಾಸ್ ರೀಡಿಂಗ್’ ಅನ್ನಿ.