ಬರೀ ಓಡಿದರೆ ಸಾಲದು ತಮ್ಮಾ, ಈಗ ಮೊದಲು ಪರೀಕ್ಷೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಿಲಿಟರಿ ಭರ್ತಿ ಬಗ್ಗೆಯೇ ಇವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮೂರೂ ಜಿಲ್ಲೆಗಳಿಂದ ಬರೆದಿದ್ದೀರಿ. ನಾನು 1995ರಲ್ಲಿ ಭರ್ತಿಯಾಗಿ ಹದಿನೇಳು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರ್ ಆಗಿ ಊರಿಗೆ ಬಂದವನು. ಈಗ ಬೆಳಗಾವಿಯಲ್ಲಿ ಸಂಜೆ ಹೊತ್ತು ಹುಡುಗರಿಗೆ ಓಟ ಹೇಳಿಕೊಡುತ್ತೇನೆ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿದ್ದೀರಿ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಸರ್, ನಾನು ಜಮಖಂಡಿ ತಾಲೂಕಿನವನು, 18 ವರ್ಷ. ಎಸ್ಸೆಸ್ಸೆಲ್ಸಿ 58 ಪರ್ಸೆಂಟ್. ಪಿಯುಸಿ ಮೊದಲ ವರ್ಷಕ್ಕೇ ಬಿಟ್ಟು, ಒಂದು ವರ್ಷದಿಂದ ಬರೀ ರನ್ನಿಂಗ್ ಮಾಡ್ತಿದ್ದೀನಿ. ಕಾಲುವೆ ರಸ್ತೆಯಲ್ಲಿ 1600 ಮೀಟರ್ 5 ನಿಮಿಷ 20 ಸೆಕೆಂಡಿಗೆ ಮುಗಿಸ್ತೀನಿ. ಬೆಳಗಾವಿ ಭರ್ತಿಗೆ ಸೀದಾ ಬಂದರೆ ಓಡಲು ಬಿಡ್ತಾರಾ?

ಬಿಡುವುದಿಲ್ಲ ತಮ್ಮಾ. ನಿನ್ನ ಓಟ ಚೆನ್ನಾಗಿದೆ, 5 ನಿಮಿಷ 30 ಸೆಕೆಂಡಿನ ಒಳಗೆ ಬಂದರೆ 60ಕ್ಕೆ 60 ಅಂಕ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಪಿಯುಸಿ ಬಿಟ್ಟೆ ಎಂಬ ಮಾತು ಓದಿ ಸಂಕಟವಾಯಿತು. ನಿನ್ನ ಹಾಗೆ ಓದು ಬಿಟ್ಟು ಓಡುತ್ತಿರುವ ಹುಡುಗರನ್ನು ನಾನು ದಿನಾ ನೋಡುತ್ತೇನೆ. ತಪ್ಪು ನಿಮ್ಮದಲ್ಲ, ನಮ್ಮ ಕಾಲದವರು ಹೇಳಿದ್ದನ್ನೇ ನೀವು ನಂಬಿದ್ದೀರಿ.

ನಮ್ಮ ಕಾಲದಲ್ಲಿ ಹಾಗೇ ಇತ್ತು. ಭರ್ತಿ ಇದೆ ಎಂದು ಗೊತ್ತಾದರೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹಿಂದಿನ ರಾತ್ರಿಯೇ ಬೆಳಗಾವಿಗೆ ಬಂದು, ಬಸ್ ಸ್ಟ್ಯಾಂಡಿನಲ್ಲಿ ಚಪ್ಪಲಿ ತಲೆದಿಂಬು ಮಾಡಿಕೊಂಡು ಮಲಗಿ, ನಸುಕಿನಲ್ಲಿ ಮೈದಾನದ ಸಾಲಿಗೆ ನಿಲ್ಲುತ್ತಿದ್ದೆವು. ಮೊದಲು ಓಟ, ಆಮೇಲೆ ಮೆಡಿಕಲ್, ಕೊನೆಗೆ ಪರೀಕ್ಷೆ. 2023ರಿಂದ ಈ ಕ್ರಮ ತಿರುಗಿಬಿದ್ದಿದೆ. ಈಗ ಮೊದಲು ಆನ್‌ಲೈನ್ ಅರ್ಜಿ, ಆಮೇಲೆ ಕಂಪ್ಯೂಟರ್ ಮುಂದೆ ಕೂತು ಬರೆಯುವ ಪರೀಕ್ಷೆ. ಅದರಲ್ಲಿ ಆಯ್ಕೆಯಾದವರಿಗೆ ಮಾತ್ರ ಓಟ, ಮೆಡಿಕಲ್ ನಡೆಯುವ ರ‍್ಯಾಲಿಯ ಪ್ರವೇಶ ಪತ್ರ ಸಿಗುತ್ತದೆ. ನೀನು ಐದೇ ನಿಮಿಷಕ್ಕೆ ಓಡಿದರೂ ಆ ಪತ್ರ ಇಲ್ಲದಿದ್ದರೆ ಗೇಟಿನ ಹೊರಗೇ. ಕೊನೆಯ ಪಟ್ಟಿ ಮಾಡುವಾಗಲೂ ಪರೀಕ್ಷೆಯ ಅಂಕ ಲೆಕ್ಕಕ್ಕೆ ಬರುತ್ತದೆ.

ಹೆದರಬೇಡ, ಪರೀಕ್ಷೆ ದೊಡ್ಡ ಗುಡ್ಡವೇನಲ್ಲ. ಜಿಡಿ, ಅಂದರೆ ಸಾಮಾನ್ಯ ಸೈನಿಕ ಹುದ್ದೆಗೆ ಒಂದು ಗಂಟೆ, 50 ಪ್ರಶ್ನೆ, ಒಂದಕ್ಕೆ 2 ಅಂಕ, ತಪ್ಪಾದರೆ ಅರ್ಧ ಅಂಕ ಕಡಿತ. ಸಾಮಾನ್ಯ ಜ್ಞಾನ, ವಿಜ್ಞಾನ, ಗಣಿತ, ಸ್ವಲ್ಪ ರೀಸನಿಂಗ್. ಹತ್ತನೇ ತರಗತಿ ಪುಸ್ತಕ ಚೆನ್ನಾಗಿ ಓದಿದವನು ಬರೆಯಬಹುದು. 2025ರಿಂದ ಕನ್ನಡದಲ್ಲೂ ಬರೆಯಬಹುದು. ನಮ್ಮ ಹಳ್ಳಿ ಹುಡುಗರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ಎಲ್ಲರಿಗೂ ಹೇಳಬೇಕು ಅನಿಸುತ್ತದೆ. ಅರ್ಜಿ ತುಂಬುವಾಗಲೇ ಭಾಷೆ ಆರಿಸಬೇಕು, ಸೈಬರ್ ಸೆಂಟರಿನವರು ಅವಸರದಲ್ಲಿ ಇಂಗ್ಲಿಷ್ ಒತ್ತಿಬಿಡುತ್ತಾರೆ, ಪಕ್ಕದಲ್ಲೇ ನಿಂತು ನೋಡು.

ಇನ್ನೊಂದು ಮಾತು. ನೀನು ಬಾಗಲಕೋಟೆ ಜಿಲ್ಲೆಯವನು, ನಿನ್ನ ಭರ್ತಿ ಕಚೇರಿ ಬೆಳಗಾವಿಯಲ್ಲ, ಮಂಗಳೂರು. ವಿಜಯಪುರದವರಿಗೂ ಮಂಗಳೂರೇ. ಬೆಳಗಾವಿ ಕಚೇರಿಗೆ ಬರುವುದು ಬೆಳಗಾವಿ, ಬೀದರ್, ಕಲಬುರಗಿ, ಕೊಪ್ಪಳ, ರಾಯಚೂರು, ಯಾದಗಿರಿ. ಊರು ಹತ್ತಿರ ಇದೆ ಅಂತ ಬೆಳಗಾವಿಯ ಪ್ರಕಟಣೆಯನ್ನೇ ಕಾಯುತ್ತಾ ಕೂತು ತಮ್ಮ ಕಚೇರಿಯ ದಿನಾಂಕ ಕಳೆದುಕೊಂಡ ಹುಡುಗರು ನನ್ನ ಬಳಿ ಬಂದಿದ್ದಾರೆ. ಹಾಗೇ, ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. ಒಂದರಲ್ಲಿ ಬಸಪ್ಪ, ಇನ್ನೊಂದರಲ್ಲಿ ಬಸವರಾಜ ಅಂತ ಇದ್ದರೆ ಈಗಲೇ ಸರಿ ಮಾಡಿಸು. ಅಪ್ಪ ಅಮ್ಮನ ಹೆಸರೂ ಅಷ್ಟೇ.

ಓಟದ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾಲುವೆ ರಸ್ತೆ ನೇರ, ಮೈದಾನ ಗುಂಡಗೆ. ತಿರುವಿನಲ್ಲಿ, ಗುಂಪಿನ ಮೊಣಕೈ ನಡುವೆ ಓಡುವಾಗ ಹತ್ತು ಸೆಕೆಂಡ್ ಸುಮ್ನೆ ಹೋಗುತ್ತದೆ. ಶಾಲೆಯ ಮೈದಾನದಲ್ಲಿ 200 ಮೀಟರ್ ಅಳೆದು ಸುತ್ತು ಗುರುತು ಮಾಡಿಕೋ. ಎಂಟು ಸುತ್ತು, ಒಂದೊಂದಕ್ಕೆ 41 ಸೆಕೆಂಡ್. ಮೊದಲ ಸುತ್ತು 35ಕ್ಕೆ ಓಡಿ ಕೊನೆಗೆ ಏದುಸಿರು ಬಿಡುವವರೇ ಜಾಸ್ತಿ. ಡಾಂಬರು ರಸ್ತೆ ಬೇಡ, ಮೊಣಕಾಲಿನ ಕೆಳಗಿನ ಮೂಳೆ ನೋವು ಅಲ್ಲಿಂದಲೇ ಶುರುವಾಗುತ್ತದೆ. ಬೀಮ್, ಅಂದರೆ ಅಡ್ಡ ಕಂಬಿಗೆ ಜೋತು ಮೈ ಮೇಲೆತ್ತುವುದು, ಹತ್ತು ಹೊಡೆದರೆ 40 ಅಂಕ, ಅದನ್ನು ಮರೆಯಬೇಡ. ತಿನ್ನಲು ರೊಟ್ಟಿ, ಹೆಸರುಕಾಳು, ಶೇಂಗಾ, ಮೊಸರು ಸಾಕು. ಡಬ್ಬಿಯ ಪುಡಿ ಬೇಡ.

ಮೊದಲು ಈ ಜೂನ್‌ನಲ್ಲಿ ಕಾಲೇಜಿಗೆ ಮತ್ತೆ ಸೇರು. ಬೆಳಿಗ್ಗೆ ಒಂದೂವರೆ ಗಂಟೆ ಮೈದಾನ, ಉಳಿದದ್ದು ಪುಸ್ತಕ. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಹೆಸರು ಕೊಡು, ಆ ಪ್ರಮಾಣಪತ್ರಕ್ಕೆ ಭರ್ತಿಯಲ್ಲಿ ಹೆಚ್ಚುವರಿ ಅಂಕವಿದೆ.

ಪ್ರಶ್ನೆ: ಅಣ್ಣಾ, ನಾವು ಗೋಕಾಕ ತಾಲೂಕಿನವರು. ಒಬ್ಬನೇ ಮಗ, ಅಗ್ನಿವೀರ ಆಗೇ ಆಗ್ತೀನಿ ಅಂತ ಹಟ ಹಿಡಿದಿದ್ದಾನೆ. ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರ ಸುದ್ದಿ ಟಿವಿಯಲ್ಲಿ ನೋಡಿದ ದಿನದಿಂದ ನನಗೆ ಮಿಲಿಟರಿ ಅಂದರೆ ಎದೆ ನಡುಗುತ್ತದೆ. ನಾಲ್ಕು ವರ್ಷ ಆದ ಮೇಲೆ ಮನೆಗೆ ಕಳಿಸ್ತಾರಂತೆ. ನಾನು ಹೂಂ ಅನ್ನಲೋ ಬೇಡವೋ?

ಅಕ್ಕಾ, ಏನೂ ಆಗುವುದಿಲ್ಲ ಅಂತ ನಾನು ಬರೆದರೆ ಅದು ಸುಳ್ಳಾಗುತ್ತದೆ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಜನ ಸೈನಿಕರು ಸಿಕ್ಕಿಕೊಂಡರು. ಆರನೇ ದಿನ ಹನುಮಂತಪ್ಪ ಜೀವಂತ ಸಿಕ್ಕರು ಎಂದಾಗ ನಾನೂ ಟಿವಿ ಮುಂದೆ ಕೂತು ಅತ್ತವನು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆ ಭಯ ನಿಮ್ಮದೊಬ್ಬರದ್ದೇ ಅಲ್ಲ. 1999ರಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ನಾನು ಪಂಜಾಬಿನಲ್ಲಿದ್ದೆ, ಕಾರ್ಗಿಲ್‌ಗೆ ಹೋಗಿರಲೇ ಇಲ್ಲ. ನಮ್ಮವ್ವನಿಗೆ ಅದು ಗೊತ್ತಿರಲಿಲ್ಲ, ಗೊತ್ತಾದರೂ ನಂಬುತ್ತಿರಲಿಲ್ಲ. ನನ್ನ ಇನ್‌ಲ್ಯಾಂಡ್ ಪತ್ರಗಳನ್ನು ದೇವರ ಗೂಡಿನಲ್ಲಿಟ್ಟು ಪಕ್ಕದ ಮನೆ ಹುಡುಗಿಯಿಂದ ಮತ್ತೆ ಮತ್ತೆ ಓದಿಸುತ್ತಿದ್ದಳಂತೆ. ನಾನು ರಜೆಗೆ ಬಂದ ಮೇಲೆ ಗೊತ್ತಾಯಿತು. ಆದ್ದರಿಂದ ನಿಮ್ಮ ಮಗ ಹೋದರೆ, ದಿನಕ್ಕೆ ಒಂದು ಸಲ ಫೋನ್ ಮಾಡಲು ಆಗದಿದ್ದರೂ ವಾರಕ್ಕೆ ಒಂದು ಸಲ ಮಾಡಲೇಬೇಕು ಅಂತ ಅವನಿಂದ ಈಗಲೇ ಮಾತು ತೆಗೆದುಕೊಳ್ಳಿ.

ಇನ್ನು ನಾಲ್ಕು ವರ್ಷದ ಲೆಕ್ಕ. 2022ರ ಜೂನ್‌ನಲ್ಲಿ ಹುಡುಗರನ್ನು ನಾಲ್ಕು ವರ್ಷಕ್ಕೆ ಅಗ್ನಿವೀರರಾಗಿ ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ ಘೋಷಿಸಿದಾಗ ಹೇಳಿದ ಪ್ರಕಾರ ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೇ ವರ್ಷಕ್ಕೆ 40,000. ಆದರೆ ಅದರಲ್ಲಿ 30 ಪರ್ಸೆಂಟ್ ಸೇವಾ ನಿಧಿಗೆ ಹೋಗುತ್ತದೆ, ಹಾಗಾಗಿ ಮೊದಲ ವರ್ಷ ಕೈಗೆ ಬರುವುದು 21,000. ನಿಧಿಗೆ ಸರ್ಕಾರವೂ ಅಷ್ಟೇ ಹಣ ಹಾಕುತ್ತದೆ. ನಾಲ್ಕು ವರ್ಷ ಮುಗಿದಾಗ ಎರಡೂ ಸೇರಿ 10.04 ಲಕ್ಷ, ಮೇಲೆ ಬಡ್ಡಿ, ಅದಕ್ಕೆ ಆದಾಯ ತೆರಿಗೆ ಇಲ್ಲ. ಸೇವೆಯಲ್ಲಿರುವಾಗ 48 ಲಕ್ಷದ ಜೀವ ವಿಮೆ ಇದೆ, ಅದಕ್ಕೆ ಹುಡುಗ ಕಂತು ಕಟ್ಟಬೇಕಿಲ್ಲ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಪ್ರತಿ ಬ್ಯಾಚಿನಲ್ಲಿ ಕಾಯಂ ಆಗುವುದು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಹುಡುಗರು. ನಾನು ಹದಿನೇಳು ವರ್ಷ ಮಾಡಿ ಪಿಂಚಣಿ ತಗೊಂಡು ಬಂದೆ, ನಿಮ್ಮ ಮಗನಿಗೆ ಅದೇ ಸಿಗುತ್ತದೆ ಎಂದು ಊರಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ.

ಉಳಿದ ಎಪ್ಪತ್ತೈದು ಜನರಲ್ಲಿ ನಿಮ್ಮ ಮಗ ಇರುತ್ತಾನೆ ಎಂದುಕೊಂಡೇ ಲೆಕ್ಕ ಹಾಕಿ. ಆಗಲೂ ಹೋಗುವುದು ಸರಿ ಅನಿಸಿದರೆ ಕಳಿಸಿ. ವಾಪಸ್ ಬರುವಾಗ ಅವನಿಗೆ 22, 23 ವಯಸ್ಸು. ಕೇಂದ್ರದ ಅರೆಸೇನಾ ಪಡೆಗಳಲ್ಲಿ ಮಾಜಿ ಅಗ್ನಿವೀರರಿಗೆ ಮೀಸಲಾತಿ, ವಯಸ್ಸಿನ ಸಡಿಲಿಕೆ ಎರಡೂ ಇವೆ. ಸೇವೆಯಲ್ಲಿದ್ದುಕೊಂಡೇ ಪಿಯುಸಿ ಮಟ್ಟದ ಪ್ರಮಾಣಪತ್ರ, ಇಗ್ನೋ ಪದವಿ ಮಾಡಲು ದಾರಿ ಇದೆ. ಅವನು ಆ ದಾರಿ ಹಿಡಿಯುತ್ತಾನಾ ಎಂಬುದೇ ಮುಖ್ಯ. ಹತ್ತು ಲಕ್ಷ ಬಂದ ಕೂಡಲೇ ಬುಲೆಟ್ ಗಾಡಿ, ಮನೆ ಮೇಲೆ ಇನ್ನೊಂದು ಅಂತಸ್ತು ಅಂತ ಹೊರಟರೆ ಒಂದು ವರ್ಷದಲ್ಲಿ ಎಲ್ಲ ಖಾಲಿ. ನನ್ನನ್ನು ಕೇಳಿದರೆ, ಅವನನ್ನು ತಡೆಯಬೇಡಿ, ಆದರೆ ಪಿಯುಸಿ ಮುಗಿಸಿಯೇ ಹೋಗಬೇಕು ಎಂಬ ಒಂದು ಷರತ್ತು ಹಾಕಿ. ಹಟ ಇರುವ ಹುಡುಗ ಅಷ್ಟು ಮಾಡುತ್ತಾನೆ.

ಪ್ರಶ್ನೆ: ಬಲಗೈ ತೋಳಿನ ಮೇಲೆ ಹೆಸರಿನ ಹಚ್ಚೆ ಇದೆ. ನಡೆಯುತ್ತಾ? (ಇಂಡಿ)

ತೋಳಿನ ಮೇಲಿದ್ದರೆ ನಡೆಯುವುದಿಲ್ಲ. ಮೊಣಕೈಯಿಂದ ಮಣಿಕಟ್ಟಿನವರೆಗೆ ಒಳಭಾಗದಲ್ಲಿ ಅಥವಾ ಅಂಗೈಯ ಹಿಂಬದಿಯಲ್ಲಿ ಇದ್ದರೆ ಮಾತ್ರ ಒಪ್ಪುತ್ತಾರೆ. ಬುಡಕಟ್ಟಿನವರ ಸಂಪ್ರದಾಯದ ಹಚ್ಚೆಗೆ ಬೇರೆ ನಿಯಮ. ಇದನ್ನು ಓದುತ್ತಿರುವ ಉಳಿದ ಹುಡುಗರು ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವ ಮುಂಚೆ ಯೋಚಿಸಿ. ಹಾಗೇ ಮೆಡಿಕಲ್‌ಗೆ ಮುಂಚೆ ಕಿವಿಯ ಮೇಣ ತೆಗೆಸಿಕೊಂಡು ಹೋಗಿ, ಸಣ್ಣ ವಿಷಯಕ್ಕೆ ವಾಪಸ್ ಕಳಿಸಿದರೆ ತುಂಬಾ ಬೇಜಾರು.

ಪ್ರಶ್ನೆ: ಸರ್, ನಾನು ಬೈಲಹೊಂಗಲದವಳು, ದ್ವಿತೀಯ ಪಿಯುಸಿ ವಿಜ್ಞಾನ. ನನಗೆ ಆಫೀಸರ್ ಆಗಬೇಕು. ಮನೆಯಲ್ಲಿ ಹುಡುಗಿಯರಿಗೆ ನರ್ಸ್ ಕೆಲಸ ಮಾತ್ರ ಕೊಡ್ತಾರೆ ಅಂತಾರೆ.

ಅದು ಹಳೆಯ ಮಾತು ತಂಗಿ. 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಪಿಯುಸಿ ಆದವರನ್ನು ಆಫೀಸರ್ ತರಬೇತಿಗೆ ಆರಿಸುವ ಎನ್‌ಡಿಎ ಪರೀಕ್ಷೆ ಹುಡುಗಿಯರಿಗೂ ತೆರೆಯಿತು. 2022ರಲ್ಲಿ ಪುಣೆ ಬಳಿ ಅದರ ಅಕಾಡೆಮಿ ಇರುವ ಖಡಕ್‌ವಾಸ್ಲಾಕ್ಕೆ ಸೇರಿದ ಮೊದಲ ತಂಡದ 17 ಹುಡುಗಿಯರು 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂದರು. ಈ ಸಾಲು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳು.

ವರ್ಷಕ್ಕೆ ಎರಡು ಸಲ ಯುಪಿಎಸ್‌ಸಿ ಪರೀಕ್ಷೆ ನಡೆಸುತ್ತದೆ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ, ಅಂದರೆ ನಿನಗೆ ಮೂರು ನಾಲ್ಕು ಅವಕಾಶ ಉಳಿದಿರಬಹುದು. ಗಣಿತ 300, ಸಾಮಾನ್ಯ ಸಾಮರ್ಥ್ಯ 600, ಒಟ್ಟು 900 ಅಂಕ. ಅದರಲ್ಲಿ ಪಾಸಾದವರನ್ನು ಆಫೀಸರ್‌ಗಳನ್ನು ಆರಿಸುವ ಮಂಡಳಿಯಾದ ಎಸ್‌ಎಸ್‌ಬಿಗೆ ಐದು ದಿನ ಕರೆಯುತ್ತಾರೆ, ಅದಕ್ಕೂ 900 ಅಂಕ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಎಸ್‌ಎಸ್‌ಬಿಯಲ್ಲಿ ಗುಂಪಿನೊಳಗೆ ಮಾತಾಡಬೇಕು, ಕತೆ ಬರೆಯಬೇಕು, ಹಲಗೆ ಹಗ್ಗ ಕಟ್ಟಿ ಅಡ್ಡಿ ದಾಟಬೇಕು. ಅಲ್ಲಿ ನಮ್ಮ ಕಡೆಯ ಮಕ್ಕಳು ಸೋಲುವುದು ಬುದ್ಧಿ ಕಡಿಮೆಯಾಗಿ ಅಲ್ಲ, ಬಾಯಿ ಬಿಡಲು ಸಂಕೋಚಪಟ್ಟು. ದಿನಾ ಅರ್ಧ ಗಂಟೆ ಗೆಳತಿಯರ ಜೊತೆ ಇಂಗ್ಲಿಷ್‌ನಲ್ಲಿ ಮಾತಾಡು, ತಪ್ಪಾದರೂ ಆಗಲಿ. ಎನ್‌ಡಿಎ ಸಿಗದಿದ್ದರೆ ಪದವಿ ಆದ ಮೇಲೆ ಸಿಡಿಎಸ್ ಎಂಬ ಆಫೀಸರ್ ಆಯ್ಕೆ ಪರೀಕ್ಷೆ ಬರೆದು ಚೆನ್ನೈನ ಅಕಾಡೆಮಿಗೆ ಹೋಗಬಹುದು.

ಸೈನಿಕಳಾಗಿಯೇ ಸೇರಬೇಕು ಎನ್ನುವ ಹುಡುಗಿಯರಿಗೆ ಮಿಲಿಟರಿ ಪೊಲೀಸ್ ವಿಭಾಗವಿದೆ. ಅದರ ಮೊದಲ ತಂಡದ 83 ಮಹಿಳೆಯರು 2021ರಲ್ಲಿ ನಮ್ಮ ಬೆಂಗಳೂರಿನಲ್ಲೇ ತರಬೇತಿ ಮುಗಿಸಿದ್ದು.

ಪ್ರಶ್ನೆ: ಮಗನನ್ನು ವಿಜಯಪುರ ಸೈನಿಕ ಶಾಲೆಗೆ ಸೇರಿಸಬೇಕು. ಈಗ ಐದನೇ ತರಗತಿ, ಕನ್ನಡ ಮಾಧ್ಯಮ. ಆಗುತ್ತಾ? (ಬೀಳಗಿ)

ಆಗುತ್ತದೆ. ಅದು 1963ರಿಂದ ಇರುವ ಶಾಲೆ, ಆರನೇ ತರಗತಿಗೆ ಮತ್ತು ಒಂಬತ್ತನೇ ತರಗತಿಗೆ ಮಾತ್ರ ಪ್ರವೇಶ. ಆರಕ್ಕೆ ಸೇರಲು ಆ ವರ್ಷದ ಮಾರ್ಚ್ 31ಕ್ಕೆ ಮಗುವಿಗೆ 10ರಿಂದ 12 ವರ್ಷದೊಳಗೆ ಇರಬೇಕು. ಆರರ ಪ್ರವೇಶ ಪರೀಕ್ಷೆ ಕನ್ನಡದಲ್ಲೇ ಬರೆಯಬಹುದು, ಒಂಬತ್ತರದ್ದು ಇಂಗ್ಲಿಷ್ ಮಾತ್ರ. ಅದಕ್ಕೇ ಹೇಳುವುದು, ಕನ್ನಡ ಮಾಧ್ಯಮದ ಮಗುವಿಗೆ ಇದೇ ಸರಿಯಾದ ಸಮಯ. 300 ಅಂಕದಲ್ಲಿ ಗಣಿತಕ್ಕೇ 150, ಅದರ ಮೇಲೆ ಜೋರು ಕೊಡಿ. ಈಗ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ. ಬೆಳಗಾವಿಯ ರಾಷ್ಟ್ರೀಯ ಮಿಲಿಟರಿ ಶಾಲೆಗೆ ಬೇರೆ ಪರೀಕ್ಷೆ, ಅದಕ್ಕೂ ಅರ್ಜಿ ಹಾಕಿ. ಒಂದೇ ಮಾತು, ಮಗು ರಾತ್ರಿ ನಿಮ್ಮನ್ನು ಬಿಟ್ಟು ಮಲಗುತ್ತಾನಾ ನೋಡಿಕೊಳ್ಳಿ. ಹತ್ತು ವರ್ಷದ ಹುಡುಗ ಹಾಸ್ಟೆಲ್‌ನಲ್ಲಿ ಇರಬೇಕು, ಅವನನ್ನೂ ಕೂರಿಸಿಕೊಂಡು ಕೇಳಿ.

ಪ್ರಶ್ನೆ: ಒಬ್ಬರು ನಾಲ್ಕು ಲಕ್ಷ ಕೊಟ್ಟರೆ ಮಗನನ್ನು ಭರ್ತಿ ಮಾಡಿಸ್ತೀನಿ ಅಂದಿದ್ದಾರೆ. ಅರ್ಧ ಈಗ, ಅರ್ಧ ಸೆಲೆಕ್ಷನ್ ಆದ ಮೇಲೆ. ಮಾರ್ಕ್ಸ್‌ಕಾರ್ಡ್ ಅವರ ಹತ್ತಿರ ಇದೆ. ಹೊಲ ಅಡ ಇಡಲು ಮಾತಾಡಿದ್ದೇವೆ. (ಮುದ್ದೇಬಿಹಾಳ)

ಹೊಲಕ್ಕೆ ಕೈ ಹಚ್ಚಬೇಡಿ ಕಾಕಾ. ಅವರ ಕೈಯಲ್ಲಿ ಏನೂ ಇಲ್ಲ. ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಓಟಕ್ಕೆ ಸಮಯ ಎಲ್ಲರ ಕಣ್ಣ ಮುಂದೆ ಬೀಳುತ್ತದೆ. ಅವರು ಮಾಡುವುದು ಇಷ್ಟೇ. ಇಪ್ಪತ್ತು ಹುಡುಗರ ಮನೆಯಿಂದ ಹಣ ತಗೊಂಡು ಸುಮ್ನೆ ಕೂರುತ್ತಾರೆ. ಅವರಲ್ಲಿ ಇಬ್ಬರು ಸ್ವಂತ ಶ್ರಮದಿಂದ ಪಾಸಾಗುತ್ತಾರೆ, ಆ ಇಬ್ಬರನ್ನು ನಾನೇ ಮಾಡಿಸಿದೆ ಎಂದು ಹಣ ಇಟ್ಟುಕೊಳ್ಳುತ್ತಾರೆ. ಉಳಿದವರಿಗೆ ಇವತ್ತು ನಾಳೆ ಅಂತ ವರ್ಷ ಓಡಿಸುತ್ತಾರೆ. ಮಾರ್ಕ್ಸ್‌ಕಾರ್ಡ್ ಹಿಡಿದಿಟ್ಟುಕೊಳ್ಳುವುದು ನೀವು ಬಾಯಿ ಬಿಡದ ಹಾಗೆ ಮಾಡಲು.

ಇವತ್ತೇ ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ ಆ ಮಾರ್ಕ್ಸ್‌ಕಾರ್ಡ್ ಕೇಳಿ. ಕೊಡದಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು, ಅದರ ಪ್ರತಿ ಹಿಡಿದು ಮಗ ಓದಿದ ಹೈಸ್ಕೂಲಿಗೆ ಹೋಗಿ. ಅಲ್ಲಿಂದ ಮಂಡಳಿಗೆ ಬರೆಸಿ ನಕಲು ಮಾರ್ಕ್ಸ್‌ಕಾರ್ಡ್ ತರಿಸಬಹುದು. ಸಿಕ್ಕಿತು ಅಂತ ನನಗೆ ಒಂದು ಸಾಲು ಬರೆಯಿರಿ, ನಾನು ಕಾಯುತ್ತಿರುತ್ತೇನೆ.